ಮಾದರಿಯಿಂದ ಹುಟ್ಟಿದ ಪರದೆಯಲ್ಲಿ ದೋಷ ಹುಡುಕುವುದು: ಹಾಲಿನ ಡೇರಿಯ ತಂತ್ರಾಂಶವೊಂದರ ದೋಷ ನಿವಾರಣೆ ಕೈಪಿಡಿ

ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಮೈಸೂರಿನ ನಮ್ಮ ತಂಡ ಸಿದ್ಧಪಡಿಸಿಕೊಟ್ಟ ತಂತ್ರಾಂಶದಲ್ಲಿ ಮೊದಲ ವಾರವೇ ಒಂದು ದೋಷ ಕಾಣಿಸಿತು. ಹಾಲಿನ ತೂಕ ನಮೂದಿಸಿದ ಮೇಲೆ, ಫ್ಯಾಟ್ ನಮೂದಿಸುವ ಮೊದಲು ‘ರದ್ದು’ ಬಟನ್ ಒತ್ತಿದರೆ, ನಮೂದು ಅಳಿಸಿಹೋಗುವ ಬದಲು ‘ಉಳಿಸು’ ಬಟನ್ ತೆರೆದುಕೊಳ್ಳುತ್ತಿತ್ತು. ಬೆಳಗಿನ ಗದ್ದಲದಲ್ಲಿ ಕೈ ಅದರ ಮೇಲೆ ಬಿದ್ದರೆ, ತೂಕವಿದ್ದು ಫ್ಯಾಟ್ ಸೊನ್ನೆಯಾಗಿರುವ ದಾಖಲೆ ಆ ಸದಸ್ಯರ ಹೆಸರಿನಲ್ಲಿ ಉಳಿದುಬಿಡುತ್ತಿತ್ತು. ಹಾಲಿನ ದರ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಅನ್ನು ಅವಲಂಬಿಸಿರುವುದರಿಂದ, ಒಂದು ತಪ್ಪು ದಾಖಲೆಯೆಂದರೆ ಒಂದು ಮನೆಯ ಹೊತ್ತಿನ ಹಾಲಿನ ದುಡ್ಡು. ಆದ್ದರಿಂದ ಇದನ್ನು ಸಣ್ಣ ದೋಷವೆಂದು ನಾವು ಎಣಿಸಲಿಲ್ಲ, ಇಂಥದ್ದನ್ನು ಎದುರಿಸುವ ಬೇರೆಯವರೂ ಎಣಿಸಬಾರದು.

ಆ ಪರದೆಗಳನ್ನು ನಾವು ಕೈಯಿಂದ ಬರೆದಿರಲಿಲ್ಲ. ಬಳಕೆದಾರರು ಮಾಡುವ ಕೆಲಸವನ್ನು ಮರದ ರೂಪದ ಮಾದರಿಯಾಗಿ ಬರೆದು, ಅದರಿಂದ ಪರದೆಗಳನ್ನು ಹುಟ್ಟಿಸುವ ಸಾಧನವನ್ನು ಬಳಸಿದ್ದೆವು. ಇಂಥ ಸಾಧನಗಳಲ್ಲಿ ದೋಷ ಕಾಣಿಸುವ ಜಾಗ ಒಂದು, ದೋಷ ಹುಟ್ಟುವ ಜಾಗ ಇನ್ನೊಂದು. ಕಾಣಿಸಿದ ಜಾಗದಲ್ಲೇ ತೇಪೆ ಹಾಕಿದರೆ ಮುಂದಿನ ಸಲ ಪರದೆ ಹುಟ್ಟಿಸಿದಾಗ ಅದೇ ದೋಷ ಮರಳಿ ಬರುತ್ತದೆ. ಹುಟ್ಟಿದ ಜಾಗವನ್ನು ಪತ್ತೆಹಚ್ಚುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ದೋಷ ಯಾವ ಹಂತದ್ದೆಂದು ಗುರುತಿಸುವುದು

ಮಾದರಿ ಆಧಾರಿತ ವಿನ್ಯಾಸದ ಹಂತಗಳನ್ನು 2003ರಲ್ಲಿ ಪ್ರಕಟವಾದ ಕ್ಯಾಮೆಲಿಯಾನ್ ಚೌಕಟ್ಟು ನಾಲ್ಕಾಗಿ ವಿಂಗಡಿಸಿತು, ಅನಂತರ ಬಂದ ಹಲವು ಸಾಧನಗಳು ಅದೇ ವಿಂಗಡಣೆಯನ್ನು ಅನುಸರಿಸುತ್ತವೆ. ಮೊದಲನೆಯದು ಕಾರ್ಯಗಳು ಮತ್ತು ಅವು ಬಳಸುವ ಪರಿಕಲ್ಪನೆಗಳ (ಸದಸ್ಯರು, ತೂಕ, ಮೊತ್ತ ಇಂಥ ಮಾಹಿತಿಯ ಘಟಕಗಳ) ಹಂತ: ಯಾರು, ಏನನ್ನು, ಯಾವ ಕ್ರಮದಲ್ಲಿ ಮಾಡುತ್ತಾರೆ ಎಂಬುದು. ಎರಡನೆಯದು ಅಮೂರ್ತ ಇಂಟರ್‌ಫೇಸ್: ಇಲ್ಲೊಂದು ಆಯ್ಕೆ ಬೇಕು, ಇಲ್ಲೊಂದು ನಮೂದು ಬೇಕು, ಇವೆರಡೂ ಒಂದೇ ಗುಂಪಿನಲ್ಲಿರಬೇಕು ಎಂಬಷ್ಟು ಮಾತ್ರ ಅಲ್ಲಿರುತ್ತದೆ. ಮೂರನೆಯದಾದ ಮೂರ್ತ ಇಂಟರ್‌ಫೇಸ್‌ನಲ್ಲಿ ಆ ಆಯ್ಕೆ ಪಟ್ಟಿಯೋ ಬಟನ್‌ಗಳ ಸಾಲೋ ಎಂಬುದು ತೀರ್ಮಾನವಾಗುತ್ತದೆ. ನಾಲ್ಕನೆಯದು ಫೋನಿನ ಅಥವಾ ಕಂಪ್ಯೂಟರಿನ ಮೇಲೆ ಕಣ್ಣಿಗೆ ಕಾಣುವ ಅಂತಿಮ ಇಂಟರ್‌ಫೇಸ್.

ದೋಷದ ವರದಿ ಬಂದಾಗ ಮೊದಲ ಹಂತದಿಂದ ಕೆಳಗಿಳಿಯುವುದಕ್ಕಿಂತ, ಕೊನೆಯದರಿಂದ ಮೇಲೇರುವುದಕ್ಕಿಂತ, ನಡುವಿನಿಂದ ಹುಡುಕಲು ಆರಂಭಿಸುವುದು ಒಳ್ಳೆಯದು. ಸಾಧನವು ಹುಟ್ಟಿಸಿದ ಅಮೂರ್ತ ಇಂಟರ್‌ಫೇಸ್‌ನ ಕಡತವನ್ನು ತೆರೆಯಿರಿ. ಅದು ಸಾಮಾನ್ಯವಾಗಿ ಎಕ್ಸ್‌ಎಂಎಲ್ ಎಂಬ ಪಠ್ಯರೂಪದಲ್ಲಿರುತ್ತದೆ ಮತ್ತು ಓದಲು ಕಷ್ಟವಿಲ್ಲ. ತೊಂದರೆ ಕೊಡುತ್ತಿರುವ ಅಂಶ ಅಲ್ಲಿ ಇದೆಯೇ, ಇದ್ದರೆ ಸರಿಯಾದ ಗುಂಪಿನಲ್ಲಿ ಇದೆಯೇ ಎಂದು ನೋಡಿರಿ. ಎರಡಕ್ಕೂ ಹೌದೆಂಬ ಉತ್ತರ ಬಂದರೆ ದೋಷ ಬಹುಮಟ್ಟಿಗೆ ಕೆಳಗಿನ ಎರಡು ಹಂತಗಳಲ್ಲಿರುತ್ತದೆ, ಇಲ್ಲವಾದರೆ ಕಾರ್ಯಮಾದರಿಯಲ್ಲಿಯೋ ಅದನ್ನು ಅಮೂರ್ತಕ್ಕೆ ಇಳಿಸುವ ನಿಯಮಗಳಲ್ಲಿಯೋ ಇದೆ. ಒಂದೇ ನೋಟದಲ್ಲಿ ಹುಡುಕಾಟದ ಅರ್ಧ ಭಾಗ ಕಳೆಯುತ್ತದೆ.

ಇದನ್ನು ಇನ್ನೊಂದು ಬಗೆಯಲ್ಲಿಯೂ ಖಚಿತಪಡಿಸಿಕೊಳ್ಳಬಹುದು. ಅದೇ ಮಾದರಿಯಿಂದ ಫೋನಿಗೊಂದು, ಕಂಪ್ಯೂಟರಿಗೊಂದು ಪರದೆ ಹುಟ್ಟಿಸಿರಿ. ಎರಡರಲ್ಲಿಯೂ ಒಂದೇ ದೋಷ ಕಂಡರೆ ಅದು ಬಹುಮಟ್ಟಿಗೆ ಮೇಲಿನದು, ಒಂದರಲ್ಲಿ ಮಾತ್ರ ಕಂಡರೆ ಮೂರ್ತ ಹಂತದ್ದು ಅಥವಾ ಅದಕ್ಕೂ ಕೆಳಗಿನದು. ನಮ್ಮ ‘ರದ್ದು’ ದೋಷ ಎರಡರಲ್ಲಿಯೂ ಇತ್ತು.

ರದ್ದು ಮಾಡಿದರೂ ದಾಖಲೆ ಉಳಿಯುವುದು

ನಾವು ಕಾರ್ಯಮಾದರಿಯನ್ನು ಕಾನ್‌ಕರ್‌ಟಾಸ್ಕ್‌ಟ್ರೀಸ್ ಎಂಬ ಸಂಕೇತಪದ್ಧತಿಯಲ್ಲಿ ಬರೆದಿದ್ದೆವು. ಇದನ್ನು ಇಟಲಿಯ ಪೀಸಾ ನಗರದಲ್ಲಿ ಫಾಬಿಯೊ ಪಟೆರ್ನೊ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ರೂಪಿಸಿದರು. ಮರದ ಒಂದೇ ಮಟ್ಟದಲ್ಲಿರುವ ಕಾರ್ಯಗಳ ನಡುವೆ ಒಂದೊಂದು ಚಿಹ್ನೆ ಇರುತ್ತದೆ. >> ಎಂದರೆ ಎಡದ ಕಾರ್ಯ ಮುಗಿದ ಮೇಲೆ ಬಲದ ಕಾರ್ಯ ಆರಂಭವಾಗಬೇಕು. ||| ಎಂದರೆ ಎರಡನ್ನೂ ಯಾವ ಕ್ರಮದಲ್ಲಿ ಬೇಕಾದರೂ, ಒಂದರ ನಡುವೆ ಇನ್ನೊಂದನ್ನು ಸೇರಿಸಿಯೂ ಮಾಡಬಹುದು. [> ಎಂದರೆ ಬಲದ ಕಾರ್ಯ ಆರಂಭವಾದ ಕೂಡಲೇ ಎಡದ ಕಾರ್ಯ ನಿಂತುಹೋಗುತ್ತದೆ. ನಮ್ಮ ಮರದ ಒಂದು ಮಟ್ಟದಲ್ಲಿ ಹೀಗೆ ಬರೆದಿತ್ತು:

ಸದಸ್ಯರ ಸಂಖ್ಯೆ >> ತೂಕ ||| ಫ್ಯಾಟ್ [> ರದ್ದು >> ಉಳಿಸು

ಎಡದಿಂದ ಬಲಕ್ಕೆ ಓದುವವರಿಗೆ ಇದರಲ್ಲಿ ತಪ್ಪು ಕಾಣುವುದಿಲ್ಲ, ನಮಗೂ ಕಂಡಿರಲಿಲ್ಲ. ಆದರೆ ಗಣಿತದಲ್ಲಿ ಕೂಡುವುದಕ್ಕಿಂತ ಮೊದಲು ಗುಣಿಸುವಂತೆ ಈ ಚಿಹ್ನೆಗಳಿಗೂ ಆದ್ಯತೆಯ ಕ್ರಮವಿದೆ. ||| ಮೊದಲು ಕೂಡಿಕೊಳ್ಳುತ್ತದೆ, ಆಮೇಲೆ [>, ಕೊನೆಗೆ >>. ಆದ್ದರಿಂದ ಸಾಧನವು ಅದನ್ನು ಹೀಗೆ ಅರ್ಥೈಸಿತು:

ಸದಸ್ಯರ ಸಂಖ್ಯೆ >> ((ತೂಕ ||| ಫ್ಯಾಟ್) [> ರದ್ದು) >> ಉಳಿಸು

ಈಗ ದೋಷ ಎದ್ದು ಕಾಣುತ್ತದೆ. ನಡುವಿನ ಆವರಣ ಎರಡು ರೀತಿಯಲ್ಲಿ ಮುಗಿಯಬಹುದು: ತೂಕ ಮತ್ತು ಫ್ಯಾಟ್ ಎರಡೂ ಪೂರ್ಣವಾಗಿ ಮುಗಿಯಬಹುದು, ಅಥವಾ ‘ರದ್ದು’ ಬಂದು ಅವನ್ನು ನಿಲ್ಲಿಸಿ ತಾನೇ ಮುಗಿಯಬಹುದು. ಹೇಗೆ ಮುಗಿದರೂ ಮುಂದಿನ >> ತೆರೆದುಕೊಂಡು ‘ಉಳಿಸು’ ಬಳಕೆಗೆ ಬರುತ್ತದೆ. ಸಾಧನ ಕೆಟ್ಟಿರಲಿಲ್ಲ. ಬರೆದದ್ದನ್ನು ಅಕ್ಷರಶಃ ಪಾಲಿಸುತ್ತಿತ್ತು.

ಇದೇ ಸಾಲಿನಲ್ಲಿ ಇನ್ನೊಂದು ದೋಷವೂ ಅಡಗಿತ್ತು. ಈ ಚಿಹ್ನೆಗಳ ಅರ್ಥ ವ್ಯವಸ್ಥೆಗಳ ನಡವಳಿಕೆಯನ್ನು ಗಣಿತದಷ್ಟು ನಿಖರವಾಗಿ ಬರೆಯುವ ಲೋಟಾಸ್ ಎಂಬ ಭಾಷೆಯಿಂದ ಬಂದದ್ದು. ಅದರ ಪ್ರಕಾರ [> ಚಿಹ್ನೆಯ ಎಡದ ಕಾರ್ಯ ತಾನಾಗಿಯೇ ಮುಗಿದುಹೋದರೆ ಬಲದ ಕಾರ್ಯಕ್ಕೆ ಮತ್ತೆ ಅವಕಾಶವಿಲ್ಲ. ಆದ್ದರಿಂದ ತೂಕ, ಫ್ಯಾಟ್ ಎರಡೂ ತುಂಬಿದ ಮೇಲೆ, ಉಳಿಸುವ ಮೊದಲು ತಪ್ಪು ಗೊತ್ತಾದರೆ, ‘ರದ್ದು’ ಬಟನ್ ಮಾಯವಾಗಿರುತ್ತಿತ್ತು. ಸಂಘದ ಕಾರ್ಯದರ್ಶಿಯವರು ಈ ಎರಡನ್ನೂ ಬೇರೆ ಬೇರೆ ದೂರುಗಳಾಗಿ ಹೇಳಿದ್ದರು. ಬೇಕಾದಾಗ ಇಲ್ಲದ ಬಟನ್, ಬೇಡವಾದಾಗ ತೆರೆದುಕೊಳ್ಳುವ ಬಟನ್ ಒಂದೇ ಪರದೆಯಲ್ಲಿ ಜೊತೆಯಾಗಿ ಕಂಡರೆ, ಬೇರೇನನ್ನೂ ಹುಡುಕುವ ಮೊದಲು ಚಿಹ್ನೆಗಳ ಆದ್ಯತೆಯನ್ನೇ ಪರಿಶೀಲಿಸಿರಿ.

ಪರಿಹಾರಕ್ಕೆ ಮರದಲ್ಲಿ ಇನ್ನೊಂದು ಮಟ್ಟವನ್ನು ಸೇರಿಸಬೇಕು. ‘ಅಳತೆಗಳು’ ಎಂಬ ಹೊಸ ಕಾರ್ಯದ ಕೆಳಗೆ ತೂಕ ||| ಫ್ಯಾಟ್ ಇರಲಿ, ‘ನಮೂದು’ ಎಂಬ ಕಾರ್ಯದ ಕೆಳಗೆ ಅಳತೆಗಳು >> ಉಳಿಸು ಇರಲಿ, ಅದಕ್ಕೂ ಮೇಲಿನ ಮಟ್ಟದಲ್ಲಿ ನಮೂದು [> ರದ್ದು ಎಂದಿರಲಿ. ಆಗ ‘ಉಳಿಸು’ ಎಂಬುದೂ ರದ್ದಾಗಬಲ್ಲ ಭಾಗದೊಳಗೆ ಸೇರುತ್ತದೆ, ಉಳಿಸುವ ಕ್ಷಣದವರೆಗೆ ‘ರದ್ದು’ ಲಭ್ಯವಿರುತ್ತದೆ, ಒತ್ತಿದ ಮೇಲೆ ಏನೂ ಉಳಿಯುವುದಿಲ್ಲ. ಒಂದೇ ಮಟ್ಟದಲ್ಲಿ ಎರಡಕ್ಕಿಂತ ಹೆಚ್ಚು ಬಗೆಯ ಚಿಹ್ನೆಗಳು ಬಂದರೆ ಮರವನ್ನು ಒಡೆದು ಮಟ್ಟ ಹೆಚ್ಚಿಸುವುದನ್ನು ನಾವು ಅಂದಿನಿಂದ ಕಡ್ಡಾಯ ಮಾಡಿಕೊಂಡಿದ್ದೇವೆ. ಮರ ಎತ್ತರವಾಗುತ್ತದೆ, ನಿಜ. ಆದರೆ ಓದುವವರು ಆದ್ಯತೆಯ ಕ್ರಮವನ್ನು ಬಾಯಿಪಾಠ ಮಾಡಬೇಕಿಲ್ಲ.

ಮಾದರಿ ಸರಿಯಿದ್ದರೂ ಸಾಲು ನಿಂತುಹೋಗುವುದು

ಇನ್ನೊಂದು ದೂರು ಇದಕ್ಕಿಂತ ಆಳವಾದದ್ದು, ಯಾವ ಕಡತವನ್ನು ತೆರೆದರೂ ಕಾಣದಂಥದ್ದು. ಪರದೆಗಳು ನಾವು ಬರೆದ ಮಾದರಿಗೆ ಸರಿಯಾಗಿದ್ದವು, ಮಾದರಿಯನ್ನು ನಡೆಸಿ ನೋಡುವ ಸಿಮ್ಯುಲೇಟರ್‌ನಲ್ಲಿ ಓಡಿಸಿದರೆ ತಪ್ಪಿಲ್ಲದೆ ಓಡುತ್ತಿದ್ದವು. ಆದರೂ ಡೇರಿಯ ಮುಂದೆ ಕ್ಯಾನ್ ಹಿಡಿದು ನಿಂತವರ ಸಾಲು ಕರಗುತ್ತಿರಲಿಲ್ಲ. ನಾವು ಅಲ್ಲಿ ಹೋಗಿ ನಿಂತ ಬೆಳಿಗ್ಗೆ ಹಾಲು ಪರೀಕ್ಷಿಸುವ ಟೆಸ್ಟರ್ ಕೆಲಸ ನೋಡಿಕೊಳ್ಳುವವರು ಹೇಳಿದ್ದಿಷ್ಟು: “ಒಬ್ಬೊಬ್ರಿಗೂ ಹಿಂಗೆ ಕಾಯ್ಕೊಂಡು ನಿಂತ್ರೆ ಹಾಲಿನ ಗಾಡಿ ಬಂದ್ಬುಡ್ತದೆ ಸಾರ್.”

ನಮ್ಮ ಮಾದರಿಯಲ್ಲಿ ಒಬ್ಬ ಸದಸ್ಯರ ತೂಕ, ಫ್ಯಾಟ್, ಚೀಟಿ ಎಲ್ಲವೂ ಮುಗಿದ ಮೇಲೆಯೇ ಮುಂದಿನವರ ಸಂಖ್ಯೆ ಕೇಳಬೇಕಿತ್ತು. ಆ ಡೇರಿಯಲ್ಲಿ ನಡೆಯುವುದು ಹಾಗಲ್ಲ. ಹಾಲನ್ನು ಅಳೆದು, ಸ್ಯಾಂಪಲ್ ತೆಗೆದು, ಸದಸ್ಯರ ಸಂಖ್ಯೆಯಿರುವ ಬಾಟಲಿಗೆ ಹಾಕಿಟ್ಟು, ಹಾಲನ್ನು ದೊಡ್ಡ ಕ್ಯಾನಿಗೆ ಸುರಿದು ಅವರನ್ನು ಕಳಿಸುತ್ತಾರೆ. ಎಲ್ಲರ ತೂಕ ಮುಗಿದ ಮೇಲೆ ಸಾಲಾಗಿಟ್ಟ ಸ್ಯಾಂಪಲ್‌ಗಳ ಫ್ಯಾಟ್ ಅನ್ನು ಒಂದೊಂದಾಗಿ ನೋಡುತ್ತಾರೆ. ನಾವು ಕಚೇರಿಯಲ್ಲಿ ಕುಳಿತು ಕಾರ್ಯದರ್ಶಿಯವರನ್ನು ಕೇಳಿ ಬರೆದುಕೊಂಡಿದ್ದೆವು. ಅವರು ಒಬ್ಬ ಸದಸ್ಯರ ಲೆಕ್ಕ ಹೇಗಾಗುತ್ತದೆಂದು ಹೇಳಿದ್ದರೇ ಹೊರತು ಒಂದು ಬೆಳಗು ಹೇಗೆ ಸಾಗುತ್ತದೆಂದು ಹೇಳಿರಲಿಲ್ಲ, ಏಕೆಂದರೆ ನಾವು ಅದನ್ನು ಕೇಳಿಯೇ ಇರಲಿಲ್ಲ. ಬಳಕೆದಾರ ಕೇಂದ್ರಿತ ವಿನ್ಯಾಸದ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9241ರ 210ನೆಯ ಭಾಗ, ಬಳಕೆಯ ಸಂದರ್ಭವನ್ನು ಅರಿಯುವುದನ್ನು ವಿನ್ಯಾಸದ ಮೊದಲ ಚಟುವಟಿಕೆಯಾಗಿ ಇರಿಸಿದೆ. ನಾವು ಅದನ್ನು ಬಿಟ್ಟು ಎರಡನೆಯದರಿಂದ ಆರಂಭಿಸಿದ್ದೆವು.

ಇಂಥ ದೋಷವನ್ನು ಪತ್ತೆಹಚ್ಚಲು ಒಂದೇ ದಾರಿಯಿದೆ. ಕೆಲಸ ನಡೆಯುವ ಜಾಗದಲ್ಲಿ ಒಂದು ಪೂರ್ತಿ ಸರದಿ ನಿಂತು, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದುಕೊಂಡು ಬರಬೇಕು. ಆಮೇಲೆ ಆ ಕ್ರಮವನ್ನು ಸಿಮ್ಯುಲೇಟರ್‌ನಲ್ಲಿ ಒಂದೊಂದೇ ಹೆಜ್ಜೆಯಾಗಿ ಓಡಿಸಬೇಕು. ಪಟೆರ್ನೊ ಅವರ ತಂಡದ ಸಿಟಿಟಿಇ ಎಂಬ, ಕಾರ್ಯಮಾದರಿ ಬರೆಯುವ ಸಾಧನದಲ್ಲಿ ಈ ಸೌಲಭ್ಯವಿದೆ: ಒಂದು ಕಾರ್ಯವನ್ನು ಆರಿಸಿದರೆ, ಅದಾದ ಮೇಲೆ ಯಾವ ಯಾವ ಕಾರ್ಯಗಳಿಗೆ ಅವಕಾಶವಿದೆಯೆಂದು ತೋರಿಸುತ್ತದೆ. ಡೇರಿಯಲ್ಲಿ ನಡೆದ ಮುಂದಿನ ಹೆಜ್ಜೆ ಆ ಪಟ್ಟಿಯಲ್ಲಿ ಎಲ್ಲಿ ಸಿಗುವುದಿಲ್ಲವೋ ಅಲ್ಲಿಯೇ ಮಾದರಿ ವಾಸ್ತವದಿಂದ ಬೇರೆಯಾಗಿದೆ. ನಮಗೆ ಅದು ಎರಡನೆಯ ಸದಸ್ಯರ ಸಂಖ್ಯೆಯಲ್ಲಿಯೇ ಸಿಕ್ಕಿತು.

ತಿದ್ದುವಾಗ ಇನ್ನೊಂದು ತಪ್ಪು ಮಾಡಿದೆವು. ಅದು ಬಹಳ ಕಡೆ ಆಗುವಂಥದ್ದಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ತೂಕದ ಕಾರ್ಯ ಮತ್ತೆ ಮತ್ತೆ ನಡೆಯುತ್ತದೆಂದು ಸೂಚಿಸಲು ನಕ್ಷತ್ರದ ಗುರುತು ಹಾಕಿ ‘ತೂಕ* >> ಫ್ಯಾಟ್*’ ಎಂದು ಬರೆದೆವು. ಫ್ಯಾಟ್ ಪರದೆ ತೆರೆಯಲೇ ಇಲ್ಲ. ಕಾರಣವೇನೆಂದರೆ, ನಕ್ಷತ್ರವಿರುವ ಕಾರ್ಯ ತಾನಾಗಿ ಎಂದೂ ಮುಗಿಯುವುದಿಲ್ಲ, ಬೇರೊಂದು ಕಾರ್ಯ ಬಂದು ನಿಲ್ಲಿಸುವವರೆಗೂ ಮರಳಿ ಮರಳಿ ಆರಂಭವಾಗುತ್ತಲೇ ಇರುತ್ತದೆ. ಅದು ಮುಗಿಯದಿದ್ದರೆ >> ಆಚೆಗಿನದಕ್ಕೆ ಸರದಿ ಬಾರದು. ಸರಿಯಾದ ರೂಪ ಇದು:

ತೂಕ* [> ತೂಕ ಮುಗಿಯಿತು >> ಫ್ಯಾಟ್* [> ಫ್ಯಾಟ್ ಮುಗಿಯಿತು

ಮೊದಲ ದೋಷಕ್ಕೆ ಕಾರಣವಾಗಿದ್ದ ಗುಣವೇ, ಅಂದರೆ ನಿಲ್ಲಿಸುವ ಕಾರ್ಯ ಮುಗಿದ ಕೂಡಲೇ >> ತೆರೆದುಕೊಳ್ಳುವುದೇ, ಇಲ್ಲಿ ನಮಗೆ ಬೇಕಾದದ್ದು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ‘ತೂಕ ಮುಗಿಯಿತು’ ಎಂಬುದನ್ನು ಒಬ್ಬರ ತೂಕ ಅರ್ಧವಾಗಿರುವಾಗ ಒತ್ತಿದರೆ ಆ ಅರ್ಧ ನಮೂದು ಹೋಗುತ್ತದೆ, ಆದ್ದರಿಂದ ಪರದೆ ಆಗ ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳಬೇಕು. ಇನ್ನು, ಫ್ಯಾಟ್ ನೋಡುತ್ತಿರುವಾಗ ತಡವಾಗಿ ಓಡಿಬರುವವರು ಪ್ರತಿ ದಿನವೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರಿಗಾಗಿ |> ಚಿಹ್ನೆಯಿದೆ: ಎಡದ ಕಾರ್ಯವನ್ನು ತಡೆದು ನಿಲ್ಲಿಸಿ, ಬಲದ್ದು ಮುಗಿದ ಮೇಲೆ ಎಡದ್ದನ್ನು ನಿಂತಲ್ಲಿಂದ ಮುಂದುವರಿಸುತ್ತದೆ. ಫ್ಯಾಟ್ ಪರೀಕ್ಷೆಯ ಕಾರ್ಯಕ್ಕೆ ‘ತಡವಾದವರ ತೂಕ’ವನ್ನು ಈ ಚಿಹ್ನೆಯಿಂದ ಜೋಡಿಸಿದ ದಿನದಿಂದ ಟೆಸ್ಟರ್ ಕಾಗದದ ಚೀಟಿಯಲ್ಲಿ ತೂಕ ಬರೆದಿಟ್ಟುಕೊಳ್ಳುವುದು ನಿಂತಿತು.

ಕಾರ್ಯದ ವರ್ಗ ತಪ್ಪಿದಾಗ

ಪ್ರತಿ ಕಾರ್ಯಕ್ಕೂ ಅದನ್ನು ಯಾರು ಮಾಡುತ್ತಾರೆಂಬ ವರ್ಗವನ್ನು ಸೂಚಿಸಬೇಕು: ಬಳಕೆದಾರರು ಮನಸ್ಸಿನಲ್ಲಿ ಅಥವಾ ಕೈಯಲ್ಲಿ ಮಾಡುವುದು, ಯಂತ್ರವೇ ಮಾಡುವುದು, ಇಬ್ಬರೂ ಸೇರಿ ಮಾಡುವುದು, ಇವುಗಳ ಮಿಶ್ರಣವಾದ್ದರಿಂದ ಇನ್ನೂ ಒಡೆಯಬೇಕಾದದ್ದು. ಪರದೆ ಹುಟ್ಟಿಸುವ ನಿಯಮಗಳು ಈ ವರ್ಗವನ್ನು ನೋಡಿಯೇ ತೀರ್ಮಾನಿಸುತ್ತವೆ. ಆದ್ದರಿಂದ ವರ್ಗ ತಪ್ಪಿದರೆ ಪರದೆಯಲ್ಲಿ ವಿಚಿತ್ರ ಖಾನೆಗಳು ಹುಟ್ಟುತ್ತವೆ.

ನಮ್ಮಲ್ಲಿ ಹಾಲಿನ ಮೊತ್ತವನ್ನು ಲೆಕ್ಕ ಹಾಕುವ ಕಾರ್ಯ ಯಂತ್ರದ ವರ್ಗದಲ್ಲಿರುವ ಬದಲು ಇಬ್ಬರೂ ಮಾಡುವ ವರ್ಗದಲ್ಲಿತ್ತು. ಫಲವಾಗಿ ಮೊತ್ತದ ಖಾನೆ ತಿದ್ದಬಹುದಾದ ಖಾನೆಯಾಗಿ ಬಂದಿತ್ತು. ಸಹಕಾರ ಸಂಘದ ಲೆಕ್ಕದಲ್ಲಿ ಹಣದ ಅಂಕಿಯನ್ನು ಯಾರು ಬೇಕಾದರೂ ತಿದ್ದುವಂತಿರುವುದು ಎಷ್ಟು ಅಪಾಯಕರವೆಂದು ಬಿಡಿಸಿ ಹೇಳಬೇಕಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಹಾಲಿನ ಬಣ್ಣ ಮತ್ತು ವಾಸನೆಯನ್ನು ನೋಡಿ ಹಾಲು ಕೆಟ್ಟಿಲ್ಲವೆಂದು ತಿಳಿಯುವುದು ಸಂಪೂರ್ಣವಾಗಿ ಮನುಷ್ಯರ ಕೆಲಸ. ಅದಕ್ಕೆ ಪರದೆಯಲ್ಲಿ ಯಾವ ಖಾನೆಯೂ ಬೇಕಿರಲಿಲ್ಲ. ನಾವು ಅದನ್ನೂ ಇಬ್ಬರೂ ಮಾಡುವ ವರ್ಗಕ್ಕೆ ಸೇರಿಸಿದ್ದರಿಂದ, ಪ್ರತಿಯೊಬ್ಬ ಸದಸ್ಯರಿಗೂ ಟೆಸ್ಟರ್ ಎರಡು ಬಾರಿ ಹೆಚ್ಚಾಗಿ ಪರದೆ ಮುಟ್ಟಬೇಕಾಗಿತ್ತು. ಪರದೆಯಲ್ಲಿ ಬೇಡದ ಖಾನೆ ಕಂಡರೆ, ತಿದ್ದಬಾರದ್ದು ತಿದ್ದುವಂತಿದ್ದರೆ, ಆ ಖಾನೆ ಯಾವ ಕಾರ್ಯದಿಂದ ಬಂತೆಂದು ಹಿಂದಕ್ಕೆ ಹುಡುಕಿ ಅದರ ವರ್ಗವನ್ನು ನೋಡಿರಿ.

ಮುಂದಿನ ಪರದೆಯಲ್ಲಿ ಖಾಲಿ ಖಾನೆ

ಒಂದು ಪರದೆಯಲ್ಲಿ ತುಂಬಿದ ಮೌಲ್ಯ ಮುಂದಿನದರಲ್ಲಿ ಖಾಲಿಯಾಗಿದ್ದರೆ, ಎರಡರ ನಡುವೆ >> ಇದೆಯೋ []>> ಇದೆಯೋ ಎಂದು ನೋಡಿರಿ. ಮೊದಲನೆಯದು ಕ್ರಮವನ್ನಷ್ಟೇ ಹೇಳುತ್ತದೆ, ಎರಡನೆಯದು ಕ್ರಮದ ಜೊತೆಗೆ ಮಾಹಿತಿಯನ್ನೂ ದಾಟಿಸುತ್ತದೆ. ಚಿಹ್ನೆ ಸರಿಯಿದ್ದೂ ಖಾಲಿ ಬಂದರೆ, ಎರಡೂ ಕಾರ್ಯಗಳು ಒಂದೇ ಪರಿಕಲ್ಪನೆಗೆ ಜೋಡಣೆಯಾಗಿಲ್ಲವೆಂದು ತಿಳಿಯಬೇಕು.

ನೂರಾರು ಬಟನ್‌ಗಳ ಸಾಲು

ಆಯ್ಕೆಯೊಂದಕ್ಕೆ ಯಾವ ಅಂಶವನ್ನು ಬಳಸಬೇಕೆಂಬುದನ್ನು ಅನೇಕ ಸಾಧನಗಳು ಆಯ್ಕೆಗಳ ಎಣಿಕೆಯನ್ನು ನೋಡಿ ತೀರ್ಮಾನಿಸುತ್ತವೆ: ಕೆಲವೇ ಇದ್ದರೆ ಬಟನ್‌ಗಳ ಸಾಲು, ಹೆಚ್ಚಿದ್ದರೆ ಇಳಿಪಟ್ಟಿ. ನಾವು ಪರೀಕ್ಷೆಗೆಂದು ಐದಾರು ಸದಸ್ಯರ ವಿವರ ಮಾತ್ರ ಕೊಟ್ಟಿದ್ದರಿಂದ ಸಾಧನ ಬಟನ್‌ಗಳನ್ನು ಆರಿಸಿತ್ತು. ನಿಜವಾದ ಪಟ್ಟಿ ಸೇರಿಸಿದಾಗ ಪರದೆ ಉರುಳಿಸಿದಷ್ಟೂ ಮುಗಿಯುತ್ತಿರಲಿಲ್ಲ. ಪರಿಕಲ್ಪನೆಯ ಮಾದರಿಯಲ್ಲಿ ನಿಜವಾದ ಗರಿಷ್ಠ ಎಣಿಕೆಯನ್ನು ಬರೆದರೆ ಇಳಿಪಟ್ಟಿ ಬರುತ್ತದೆ. ಆದರೆ ಡೇರಿಯಲ್ಲಿ ಯಾರೂ ಪಟ್ಟಿಯಲ್ಲಿ ಹೆಸರು ಹುಡುಕುವುದಿಲ್ಲ, ಹಾಲು ಹಾಕಲು ಬಂದವರು ತಮ್ಮ ಸಂಖ್ಯೆಯನ್ನೇ ಹೇಳುತ್ತಾರೆ. ಆದ್ದರಿಂದ ಅದನ್ನು ಆಯ್ಕೆಯಾಗಿ ಅಲ್ಲ, ಸಂಖ್ಯೆಯ ನಮೂದಾಗಿ ಬರೆದೆವು. ಸಂಖ್ಯೆ ಒತ್ತಿದ ಮೇಲೆ ಹೆಸರು ದೊಡ್ಡ ಅಕ್ಷರದಲ್ಲಿ ಕಾಣುವುದರಿಂದ ತಪ್ಪಿದರೆ ಎದುರಿಗೆ ನಿಂತವರೇ ಹೇಳುತ್ತಾರೆ.

ಕನ್ನಡದ ಅಕ್ಷರಗಳು ಕತ್ತರಿಸಿದಂತೆ ಕಾಣುವುದು

ಎಲ್ಲ ದೋಷಗಳೂ ಮೇಲಿನಿಂದಲೇ ಬರುತ್ತವೆಂದು ನಂಬುವುದೂ ತಪ್ಪು. ‘ರದ್ದು’ ಎಂಬುದರ ಕೆಳಗಿನ ಒತ್ತು ಕಾಣದೆ, ‘ಮೊತ್ತ’ ‘ಮೊತ’ದಂತೆ ಓದಿಸಿಕೊಂಡರೆ, ಕಾರ್ಯಮಾದರಿಯನ್ನು ತಡಕಾಡಬೇಡಿ. ಮೂರ್ತ ಹಂತದಲ್ಲಿ ಸಾಲಿನ ಎತ್ತರವನ್ನು ರೋಮನ್ ಅಕ್ಷರಗಳನ್ನು ನೋಡಿ ಪಿಕ್ಸೆಲ್‌ಗಳಲ್ಲಿ ನಿಗದಿಪಡಿಸಿರುತ್ತಾರೆ, ಅದಕ್ಕಿಂತ ಕೆಳಗೆ ಇಳಿಯುವ ಒತ್ತಕ್ಷರಗಳಿಗೆ ಅಲ್ಲಿ ಜಾಗವಿರುವುದಿಲ್ಲ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರಕ್ಕೆ ಅನುಪಾತವಾಗಿ ಕೊಟ್ಟು, ‘ರಾಷ್ಟ್ರ’ ಎಂಬಂತೆ ಎರಡು ಒತ್ತುಗಳಿರುವ ಪದದಿಂದ ಪರೀಕ್ಷಿಸಿರಿ. ಬಟನ್‌ಗಳ ಅಗಲದ ವಿಚಾರವೂ ಹೀಗೆಯೇ. ಅದನ್ನು ಕನ್ನಡದ ಪದ ಹಾಕಿಯೇ ಅಳೆಯಬೇಕು.

ಸಂಖ್ಯೆಗಳಲ್ಲಿ ಇನ್ನೊಂದು ತೊಡಕಿದೆ. ಕನ್ನಡ ಕೀಲಿಮಣೆಯಿಂದ ೪.೨ ಎಂದು ನಮೂದಿಸಿದರೆ ಕಣ್ಣಿಗೆ ಅದು ಸಂಖ್ಯೆ, ಆದರೆ ಯೂನಿಕೋಡ್‌ನಲ್ಲಿ ಕನ್ನಡ ಅಂಕಿಗಳಿಗೆ ಪ್ರತ್ಯೇಕ ಸಂಕೇತಗಳಿರುವುದರಿಂದ, ಪರಿವರ್ತನೆ ಮಾಡದ ತಂತ್ರಾಂಶ ಅದನ್ನು ತಪ್ಪು ನಮೂದೆಂದು ತಳ್ಳಿಹಾಕುತ್ತದೆ. ಹಳೆಯ ಸದಸ್ಯರ ಪಟ್ಟಿ ಯೂನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಅಕ್ಷರಶೈಲಿಗಳಲ್ಲಿದ್ದರೆ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. ಅದನ್ನು ಪರದೆಯ ದೋಷವೆಂದು ದಾಖಲಿಸದೆ ಪಟ್ಟಿಯನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿರಿ.

ತಿದ್ದಿದ ಮೇಲೆ

ಸರಿಪಡಿಸಿದ ದೋಷ ಮರುಕಳಿಸಿದರೆ, ಯಾರಾದರೂ ಅಂತಿಮ ಕಡತವನ್ನು ಕೈಯಿಂದ ತಿದ್ದಿದ್ದಾರೆಯೇ ಎಂದು ವಿಚಾರಿಸಿರಿ. ಮಾದರಿಯಿಂದ ಮತ್ತೆ ಹುಟ್ಟಿಸಿದಾಗ ಅಂಥ ತಿದ್ದುಪಡಿಗಳು ಅಳಿಸಿಹೋಗುತ್ತವೆ. ಅನಿವಾರ್ಯವಾಗಿ ಕೈಯಿಂದ ತಿದ್ದಲೇಬೇಕಾದ ಭಾಗಗಳನ್ನು ಬೇರೆ ಕಡತದಲ್ಲಿಟ್ಟು, ಪರದೆ ಹುಟ್ಟಿದ ಮೇಲೆ ಸೇರಿಸುವ ವ್ಯವಸ್ಥೆ ಮಾಡಿಕೊಳ್ಳಬೇಕು.

ಡೇರಿಯಲ್ಲಿ ಬರೆದುಕೊಂಡು ಬಂದ ಸರದಿಯ ಕ್ರಮವನ್ನು ಎಸೆಯಬೇಡಿ. ಸಾಮಾನ್ಯ ಬೆಳಗು, ನಡುವೆ ರದ್ದಾದ ನಮೂದು, ತಡವಾಗಿ ಬಂದ ಸದಸ್ಯರು, ತೂಕದ ನಡುವೆ ಕರೆಂಟ್ ಹೋದದ್ದು, ಹೀಗೆ ನಾಲ್ಕು ಕ್ರಮಗಳನ್ನು ನಾವು ಇಟ್ಟುಕೊಂಡಿದ್ದೇವೆ. ಮಾದರಿಯಲ್ಲಿ ಒಂದು ಚಿಹ್ನೆ ಬದಲಾದರೂ ನಾಲ್ಕನ್ನೂ ಸಿಮ್ಯುಲೇಟರ್‌ನಲ್ಲಿ ಓಡಿಸಿ, ಪ್ರತಿ ಹೆಜ್ಜೆಗೂ ಅವಕಾಶ ಸಿಗುತ್ತದೆಯೇ ಎಂದು ನೋಡಿದ ಮೇಲೆಯೇ ಹೊಸ ಪರದೆಗಳನ್ನು ಸಂಘಕ್ಕೆ ಕಳಿಸುತ್ತೇವೆ. ಅದನ್ನೂ ಸಂಜೆಯ ಹಾಲು ಮುಗಿದ ಮೇಲೆ ಹಾಕುತ್ತೇವೆ, ಹಳೆಯ ಆವೃತ್ತಿಗೆ ಮರಳುವ ದಾರಿಯನ್ನು ಮರುದಿನದ ಬೆಳಗಿನ ಸರದಿ ಮುಗಿಯುವವರೆಗೂ ತೆಗೆಯುವುದಿಲ್ಲ.